ಗ್ರಾಫಿಕ್ಸ್ ಕಾರ್ಡಿನ ಬಿಸಿಲು

ಮೊನ್ನೆ ರಿಚಿ ಸ್ಟ್ರೀಟಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಹಳೇ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬ್ಲೋವರ್ ಹಿಡಿದರು. ಒಳಗಿಂದ ಎಷ್ಟು ಧೂಳು ಎದ್ದಿತೆಂದರೆ ಎದುರಂಗಡಿಯವನು ಬಿರುಗಾಳಿ ಬಂತೆಂದು ಶಟರ್ ಎಳೆದ. ಸರಿ, ಅರ್ಧ ಎಳೆದ. ಕಾದ ತಗಡು, ಸುಟ್ಟ ಧೂಳು, ಕರಗಿದ ಅಂಟು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಅದರ ಹಿಂದೆ ಬರಬೇಕಾದ ಇನ್ನೊಂದು ವಾಸನೆಗೆ ಕಾಯುತ್ತ ನಿಂತುಬಿಟ್ಟೆ. ಹುಳಿ ಮಜ್ಜಿಗೆ, ಇಂಗು, ಹಸಿಮೆಣಸಿನಕಾಯಿ. ಅದು ಬರಲಿಲ್ಲ. ಬರುವುದಕ್ಕೆ ಕಾರಣವೂ ಇರಲಿಲ್ಲ. ಇಡೀ ಏಷ್ಯಾ ಖಂಡದಲ್ಲಿ ಮಜ್ಜಿಗೆ ಮೆಣಸಿನಕಾಯಿಯ ವಾಸನೆ ಬರುವ ಗ್ರಾಫಿಕ್ಸ್ ಕಾರ್ಡ್ ಇದ್ದದ್ದು ಒಂದೇ, ಅದು ನನ್ನದು.

ಅದು ನಾನು ಹತ್ತನೇ ಕ್ಲಾಸ್ ಮುಗಿಸಿದ ಬೇಸಿಗೆ. ಅಯನಾವರದಲ್ಲಿ ನಮ್ಮದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಅದರ ಮೇಲೆ ಟೆರೇಸು, ಅದರ ಮೇಲೆ ನೇರ ಸೂರ್ಯ. ನಡುವೆ ಬೇರೆ ಬಾಡಿಗೆದಾರರಿಲ್ಲ. ಆಗ ಗ್ರಾಫಿಕ್ಸ್ ಕಾರ್ಡಿನಲ್ಲಿ ಇಂಟರ್‌ನೆಟ್ಟಿನ ನಾಣ್ಯ ಅಗೆಯುವ ಕಾಲ. ಆಟಕ್ಕೆಂದು ಮಾಡಿದ ಕಾರ್ಡು ಹಗಲೂ ರಾತ್ರಿ ಯಾರಿಗೂ ಬೇಡದ ಲೆಕ್ಕ ಬಿಡಿಸುತ್ತದೆ, ಕೂಲಿಯಾಗಿ ನಾಣ್ಯದ ಚೂರು ಬೀಳುತ್ತದೆ. ನಾನೂ ಸ್ಕೂಲಿನಲ್ಲಿ ಹತ್ತು ವರ್ಷ ಯಾರಿಗೂ ಬೇಡದ ಲೆಕ್ಕ ಬಿಡಿಸಿದ್ದೆ, ಒಬ್ಬರೂ ಒಂದು ಪೆಪ್ಪರಮಿಂಟು ಕೊಟ್ಟಿರಲಿಲ್ಲ. ಹಾಗಾಗಿ ಈ ವ್ಯವಸ್ಥೆ ನನಗೆ ಬಹಳ ನ್ಯಾಯವಾಗಿ ಕಂಡಿತು. ಒಂದೇ ತಿಂಗಳಲ್ಲಿ ಬೀದಿಗೆಲ್ಲ ದೊಡ್ಡ ಪಂಡಿತನಾದೆ. ಆ ಬೀದಿಯಲ್ಲಿ ಬೇರೆ ಯಾರಿಗೂ ಅದರ ಗಂಧಗಾಳಿ ಇರಲಿಲ್ಲವೆನ್ನುವುದನ್ನು ನಾನಾಗಿ ಹೇಳುತ್ತಿರಲಿಲ್ಲ.

ಹಬ್ಬಹುಣ್ಣಿಮೆಗೆ ನೆಂಟರು ಕೈಗಿಟ್ಟ ದುಡ್ಡೆಲ್ಲ ಸೇರಿಸಿ, ಅಪ್ಪನನ್ನು ಎಳೆದುಕೊಂಡು, ನಮ್ಮ ಬೀದಿ ಕೊನೆಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಸೆಂದಿಲ್ ಅಣ್ಣ ಒಂದು ಹಳೇ ಕಾರ್ಡನ್ನು ಹೆಣ್ಣು ತೋರಿಸುವ ಹಾಗೆ ಬಟ್ಟೆಯಲ್ಲಿ ಸುತ್ತಿ ತಂದರು.

"ತಂಬಿ, ಡಾಕ್ಟರ್ ವೀಟ್ಟು ಕಾರ್ಡ್. ಮೈನಿಂಗೇ ಪಣ್ಣಲೆ, ಸತ್ಯಮಾ!" ಎಂದರು. ಡಾಕ್ಟರ ಮನೆಯದು, ಅಗೆಯುವ ಕೆಲಸಕ್ಕೆ ಹಚ್ಚೇ ಇಲ್ಲ ಎಂದು ತಮಿಳಿನಲ್ಲಿ ಆಣೆ.

ನಾನು ಫ್ಯಾನಿಗೆ ಬೆರಳಲ್ಲಿ ಚಿಟಿಕೆ ಹೊಡೆದು ಕಿವಿ ಹತ್ತಿರ ಹಿಡಿದೆ; ಬೇರಿಂಗು ಸವೆದು ಗರಗರ ಎನ್ನುತ್ತಿತ್ತು. ಸ್ಕ್ರೂಗಳ ತಲೆ ಕೆರೆದಿತ್ತು. ಯಾರೋ ಬಿಚ್ಚಿ ಮುಚ್ಚಿದ್ದಾರೆ. ಹಿಂಬದಿಯಲ್ಲಿ ಬಿಸಿ ಹೀರುವ ಪ್ಯಾಡಿನ ಎಣ್ಣೆ ಬೆವೆತಿತ್ತು, ತಿಂಗಳುಗಟ್ಟಲೆ ಬೆಂದಿದೆ. ಕೊನೆಗೆ ಮೂಸಿದೆ, ಸುಟ್ಟ ವಾಸನೆ.

"ಅಣ್ಣಾ, ಆ ಡಾಕ್ಟರು ಇದ್ರಲ್ಲಿ ಆಪರೇಷನ್ ಪಣ್ಣಾರಾ?"

ಸೆಂದಿಲ್ ಅಣ್ಣ ನಕ್ಕು, ಬೆಲೆಯಲ್ಲಿ ಒಂದಿಷ್ಟು ಇಳಿದರು. ಮುಂದೆ ಕಂಪ್ಯೂಟರಿಗೆ ಸಿಕ್ಕಿಸಿ ಓಡಿಸಿ ನೋಡಿದೆವು. ಸೆಕೆಂಡಿಗೆ ಎಷ್ಟು ಲೆಕ್ಕ, ಎಷ್ಟು ಕರೆಂಟು, ಮೆಮೊರಿ ಎಷ್ಟು ಕಾಯುತ್ತದೆ, ಬಿಡಿಸಿದ ಲೆಕ್ಕದಲ್ಲಿ ಎಷ್ಟು ತಪ್ಪು. ಅಪ್ಪ ವಿಮೆ ಕಚೇರಿಯವರು. ಪ್ರಪಂಚದಲ್ಲಿ ಏನೇನು ಕೆಡಬಹುದೋ ಎಲ್ಲ ಅವರಿಗೆ ಬಾಯಿಪಾಠ.

"ಇದು ಸರಿಯಾಗಿ ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತಾಗುತ್ತೋ?"

"ಬಿಸಿ ಆಗುತ್ತಪ್ಪ."

"ಬಿಸಿ ಆಗೋಕೆ ದುಡ್ಡು ಕೊಡ್ಬೇಕಾ? ಈ ಊರಲ್ಲಿ?"

ಆದರೂ ಒಪ್ಪಿದರು. ಷರತ್ತು ಒಂದೇ. ನಮ್ಮಲ್ಲಿ ಕರೆಂಟಿನ ಮೀಟರ್ ನೋಡಲು ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಯೂನಿಟ್ಟು ಒಂದು ಗೆರೆ ದಾಟಿದರೆ ದರ ಮೆಟ್ಟಿಲು ಹತ್ತಿಬಿಡುತ್ತದೆ. ಮುಂದಿನ ಸಲ ಮೀಟರ್ ನೋಡುವವರೆಗೆ ಪರೀಕ್ಷೆ. ತಿಂದ ಕರೆಂಟಿಗಿಂತ ಕಾರ್ಡು ಹೆಚ್ಚು ದುಡಿದರೆ ಮನೆಯಲ್ಲಿರುತ್ತದೆ, ಇಲ್ಲವಾದರೆ ಸೆಂದಿಲ್ ಅಣ್ಣನಿಗೇ ವಾಪಸ್.

ಅಷ್ಟರಲ್ಲಾಗಲೇ ನಮ್ಮ ಮನೆಯಲ್ಲಿ ಒಂದು ದೊಡ್ಡ ಸುಳ್ಳು ಓಡಾಡಿಕೊಂಡಿತ್ತು. ಅದಕ್ಕೂ ನನಗೂ ಸಂಬಂಧವಿಲ್ಲ. ಅದು ದೊಡ್ಡವರ ಸುಳ್ಳು.

ನನ್ನ ಪರೀಕ್ಷೆ ಮುಗಿಯುವ ಹೊತ್ತಿಗೆ ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಎದೆ ಹಿಡಿದುಕೊಂಡು ಕೀಲ್ಪಾಕಿನ ಆಸ್ಪತ್ರೆಯೊಂದರಲ್ಲಿ ಮಲಗಿಸಿದ್ದರು. ಅದೇ ವಾರ ಕೊಳ್ಳೇಗಾಲದಲ್ಲಿ ಅಜ್ಜಿಯ ತಂಗಿ ನಾಗರತ್ನಜ್ಜಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಜ್ಜಿಗೆ ಇದ್ದ ಒಬ್ಬಳೇ ತಂಗಿ. ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು, ಮೆಟ್ಟಿಲು ಹತ್ತಿಸಬೇಡಿ, ಯಾವ ಆಘಾತವನ್ನೂ ಕೊಡಬೇಡಿ ಎಂದಿದ್ದರು. ಅಪ್ಪ ಆಫೀಸ್ ಕೆಲಸವೆಂದು ಹೇಳಿ ಕೊಳ್ಳೇಗಾಲಕ್ಕೆ ಹೋಗಿ ಚಿಕ್ಕಮ್ಮನ ದಹನ ಮುಗಿಸಿ ಬಂದರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತು ತಂದೆವು. ಕುರ್ಚಿಯ ಒಂದು ಕಾಲು ಹಿಡಿದಿದ್ದವನು ನಾನೇ. ಉಳಿದ ಮೂರು ಕಾಲಿಗಿಂತ ನನ್ನ ಕಾಲೇ ಭಾರವಿತ್ತು. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೇಳೋಣ ಎಂದರು ಅಪ್ಪ. ಆ 'ಆಮೇಲೆ' ಪ್ರತಿ ವಾರ ಒಂದು ವಾರ ಮುಂದೆ ಹೋಯಿತು.

ಅಕ್ಕತಂಗಿಯರು ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತಾಡುತ್ತಿದ್ದರು ಎಂದರೆ ಕಡಿಮೆಯಾಯಿತು. ಫೋನ್ ಇಲ್ಲದೆಯೂ ಕೊಳ್ಳೇಗಾಲಕ್ಕೆ ಕೇಳಿಸುತ್ತಿತ್ತು. ಆಸ್ಪತ್ರೆಯಿಂದ ಬಂದ ಮೊದಲ ಭಾನುವಾರ ಅಜ್ಜಿ ಫೋನ್ ಮಾಡಿಸಿದಳು. ನಾಗರತ್ನಜ್ಜಿಯ ಮಗ ಎತ್ತಿಕೊಂಡು, "ಅಮ್ಮ ಮಲಗವ್ರೆ ದೊಡ್ಡಮ್ಮ" ಎಂದರು. ಮುಂದಿನ ವಾರ, "ಕಿವಿಗೆ ಸ್ವಲ್ಪ ತೊಂದರೆ ಆಗ್ಯದೆ, ಫೋನಲ್ಲಿ ಕೇಳ್ಸಲ್ಲ." ಅದಾದ ಮೇಲೆ ಅಜ್ಜಿ ಫೋನ್ ಮಾಡಿಸು ಅನ್ನಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಅಪ್ಪನಿಗೆ, "ಸದ್ಯ, ಅತ್ತೆ ಮರೀತಿದ್ದಾರೆ" ಎಂದು ಉಸಿರು ಬಿಟ್ಟಳು.

ಮರೆತಿರಲಿಲ್ಲ. ಒಂದು ಬೆಳಿಗ್ಗೆ ಮಂಚದ ಕೆಳಗಿಂದ ದೊಡ್ಡ ಬಿಸ್ಕತ್ ಡಬ್ಬಿಯೊಂದನ್ನು ನನ್ನ ಕೈಲಿ ಎಳೆಸಿದಳು. ಸಂಕ್ರಾಂತಿಯಲ್ಲಿ ನಾಗರತ್ನಜ್ಜಿ ಅದರ ತುಂಬ ಹುಣಸೆಹಣ್ಣು ಕಳಿಸಿದ್ದರು.

"ನಾಗು ಡಬ್ಬಿ ಇದು. ತುಂಬಿ ಬಂದಿದ್ದನ್ನ ಖಾಲಿ ವಾಪಸ್ ಕಳಿಸಬಾರ್ದು. ಮಜ್ಜಿಗೆ ಮೆಣಸಿನಕಾಯಿ ಮಾಡ್ಬೇಕು. ಕೋಯಂಬೇಡಿಂದ ಮೆಣಸಿನಕಾಯಿ ತರಿಸು."

"ಅಮ್ಮ, ಈ ವರ್ಷ ಬೇಡ," ಎಂದರು ಅಪ್ಪ. "ಟೆರೇಸಿಗೆ ಹೇಗೆ ಹತ್ತುತೀಯಾ? ಅಂಗಡೀಲಿ ಸಿಗುತ್ತೆ, ಕೊಂಡು ಕಳಿಸೋಣ."

"ಅಂಗಡೀದು ಕಳಿಸಿದ್ರೆ ಅಕ್ಕ ಸತ್ತೋದ್ಲು ಅಂದ್ಕೋತಾಳೆ ಕಣೋ ಅವಳು."

ಅಪ್ಪ ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ. ಮಾರನೇ ದಿನ ಕೋಯಂಬೇಡು ಮಾರ್ಕೆಟ್ಟಿನಿಂದ ಮೆಣಸಿನಕಾಯಿಯ ಚೀಲ ಬಂತು.

ಅಜ್ಜಿ ಮೆಣಸಿನಕಾಯಿ ಸೀಳಿ, ಉಪ್ಪು ಇಂಗು ಹಾಕಿದ ಹುಳಿಮಜ್ಜಿಗೆಯಲ್ಲಿ ನೆನೆಹಾಕಿದಳು. ಹಗಲು ತೆಗೆದು ಒಣಗಿಸಬೇಕು, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು; ಮಜ್ಜಿಗೆಯೆಲ್ಲ ಕಾಯಿಯ ಹೊಟ್ಟೆ ಸೇರುವವರೆಗೆ ಇದೇ ಮೆರವಣಿಗೆ. ಟೆರೇಸಿಗೆ ನಾನು ಹೊರುತ್ತೇನೆ ಎಂದರೆ ಕೇಳಲಿಲ್ಲ. ಕಣ್ಣೆದುರು ಒಣಗದಿದ್ದದ್ದು ಒಣಗಿದ್ದಲ್ಲವಂತೆ. ಹಾಲಿನ ಕಿಟಕಿಯಲ್ಲಿಟ್ಟು ನೋಡಿದಳು. ಅಲ್ಲಿಗೆ ಪಕ್ಕದ ಕಟ್ಟಡದ ಗೋಡೆ ಬಿಟ್ಟರೆ ಏನೂ ಬರುವುದಿಲ್ಲ. ಮೊದಲ ತಟ್ಟೆಗೆ ಬೂಷ್ಟು ಹಿಡಿಯಿತು. ಅಜ್ಜಿ ಅದನ್ನು ಕಸಕ್ಕೆ ಹಾಕಿಸಿ, ಆ ದಿನವೆಲ್ಲ ಗೋಡೆ ಕಡೆ ತಿರುಗಿ ಮಲಗಿದಳು.

ನನ್ನ ಕಾರ್ಡನ್ನು ಅಜ್ಜಿಯ ರೂಮಿನಲ್ಲೇ ಇಡಬೇಕಾಗಿತ್ತು, ಏಕೆಂದರೆ ದೊಡ್ಡ ಪ್ಲಗ್ ಇದ್ದದ್ದು ಅಲ್ಲಿ ಮಾತ್ರ. ಎಸಿಗೆಂದು ಹಾಕಿಸಿದ್ದು, ಎಸಿ ಮೂಳೆ ಕೊರೆಯುತ್ತದೆಂದು ಅಜ್ಜಿ ಬೇಡವೆಂದಿದ್ದಳು. ಹಗಲೆಲ್ಲ ಅವಳು ಹಾಲಿನ ಫ್ಯಾನಿನ ಕೆಳಗೇ ಇರಬೇಕು, ಅವಳು ರೂಮಿನಲ್ಲಿ ಮಲಗುವ ಹೊತ್ತಿಗೆ ಮೆಷೀನು ಆಫ್ ಆಗಿರಬೇಕು ಎಂದು ಅಮ್ಮ ಕಟ್ಟುನಿಟ್ಟು ಮಾಡಿದಳು. ಹಳೇ ಹೊಲಿಗೆ ಮೆಷೀನಿನ ಮೇಲೆ ಕಂಪ್ಯೂಟರಿಟ್ಟು, ಪಕ್ಕದ ತಗಡು ಕಳಚಿ, ಕಾರ್ಡು ಸಿಕ್ಕಿಸಿ ಓಡಿಸಿದೆ. ವಿಮಾನ ಹಾರುವ ಸದ್ದು. ನಿಜಕ್ಕೂ, ಕೆಳಗಿನ ಮನೆಯವರು ಮೀನಂಬಾಕ್ಕಂ ವಿಮಾನ ನಿಲ್ದಾಣ ಈ ಕಡೆ ಬಂತೇ ಎಂದು ಕೇಳಿದ್ದರು. ಅಜ್ಜಿ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು.

"ಏನೋ ಇದು, ಉರಿ ಇಲ್ದೆ ಒಲೆ?"

ಬಿಸಿಗಾಳಿ ಬರುವ ಕಡೆ ಅಂಗೈ ಒಡ್ಡಿದಳು. ಅಂಗೈ ತಿರುಗಿಸಿ ಮುಂಗೈ ಒಡ್ಡಿದಳು. ಸೆರಗಿನ ತುದಿ ಹಿಡಿದು ಅದು ಯಾವ ಕಡೆ ಹಾರುತ್ತದೆಂದು ನೋಡಿದಳು. ನಾನು ಸೆಂದಿಲ್ ಅಣ್ಣನ ಅಂಗಡಿಯಲ್ಲಿ ಮಾಡಿದ ತಪಾಸಣೆಗಿಂತ ಇದು ಹೆಚ್ಚು ಗಂಭೀರವಾಗಿ ನಡೆಯಿತು.

"ಸಂಜೆತನಕ ಹೀಗೇ ಇರುತ್ತಾ?"

"ಹ್ಞೂಂ ಅಜ್ಜಿ."

"ಮೋಡ ಬರಲ್ಲ?"

"ಕರೆಂಟ್ ಹೋದ್ರೆ ಮಾತ್ರ."

"ಕಾಗೆ?"

"ಮೂರನೇ ಮಹಡಿ ಬಾಗಿಲು ತಟ್ಟಿ ಬರ್ಬೇಕು."

"ಹಾಗಾದ್ರೆ ತಟ್ಟೆ ತಗೊಂಡ್ ಬಾ."

ಹೀಗೆ ನನ್ನ ಮೈನಿಂಗ್ ರಿಗ್ಗಿನ ಮುಂದೆ ಅಜ್ಜಿಯ ಮೆಣಸಿನಕಾಯಿ ತಟ್ಟೆ ಬಂದು ಕೂತಿತು. ಗೆಳೆಯರಿಗೆ ಫೋಟೊ ಕಳಿಸುವಾಗ ನಾನು ಅದನ್ನು ಕತ್ತರಿಸಿ ಕಳಿಸುತ್ತಿದ್ದೆ. ಅಜ್ಜಿ ಹಾಲಿನಲ್ಲಿ ಕೂತಿದ್ದು, ಆಗಾಗ ಒಳಗೆ ಬಂದು ಕಾಯಿ ಮಗುಚಿ ಹೋಗುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಬಾತ್‌ರೂಮಿಗೆ ಬಿಟ್ಟರೆ ಎಲ್ಲಿಗೂ ಏಳದವಳು ಈಗ ಮನೆಯೊಳಗೆ ಓಡಾಡತೊಡಗಿದಳು. ಒಂದು ಕಂತು ಒಣಗಿದಾಗ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಬೀಜದ ಗಲಗಲ ಕೇಳಿಸಿದರೆ ಡಬ್ಬಿಗೆ ಹಾಕುವಳು. ಕಾಯಿ ನನ್ನ ಕಿವಿಗೂ ಬಂತು.

"ಕೇಳು. ನಾಗು ಇದನ್ನ ಮೊಸರನ್ನಕ್ಕೆ ನಂಚ್ಕೊಳಲ್ಲ ಕಣೋ, ಮೊಸರನ್ನಾನೇ ಇದಕ್ಕೆ ನಂಚ್ಕೋತಾಳೆ. ಹೊಟ್ಟೆಬಾಕಿ."

ನಾನು ನಕ್ಕೆ. ಫ್ಯಾನಿನ ಧೂಳು ಒರೆಸುವವನಂತೆ ಆ ಕಡೆ ತಿರುಗಿದೆ.

ಕಾರ್ಡಿನ ಪರೀಕ್ಷೆ ಮಾತ್ರ ಚೆನ್ನಾಗಿ ನಡೆಯುತ್ತಿರಲಿಲ್ಲ. ಕತ್ತಿರಿ ಎಂದು ಇಲ್ಲಿ ಕರೆಯುವ ಅಗ್ನಿನಕ್ಷತ್ರದ ಕಡುಬಿಸಿಲು ಶುರುವಾದ ಮೇಲೆ ಕಾರ್ಡಿನ ಮೆಮೊರಿ ಕಾದು ಕಾದು ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ನಾಣ್ಯದ ಬೆಲೆಯೂ ಮಹಡಿಯಿಂದ ಉರುಳುವ ಕೊಡದಂತೆ ಇಳಿಯುತ್ತಿತ್ತು. ಊಟಕ್ಕೆ ಕೂತಾಗ ಅಪ್ಪ "ಇವತ್ತೆಷ್ಟು?" ಎಂದರೆ ನಾನು ಎರಡರಷ್ಟು ಹೇಳುತ್ತಿದ್ದೆ. ಕಾರ್ಡು ಹೋದರೆ ತಟ್ಟೆಯೂ ಹೋಗುತ್ತದಲ್ಲ.

ಡಬ್ಬಿ ಅರ್ಧ ದಾಟಿದಾಗ ಇನ್ನೊಂದು ವಿಷಯ ನನಗೆ ಹೊಳೆಯಿತು. ಇದು ತುಂಬಿದ ದಿನ ಕೊಳ್ಳೇಗಾಲಕ್ಕೆ ಹೋಗಬೇಕು. ಹೋದ ಮೇಲೆ ನಾಗರತ್ನಜ್ಜಿ ಫೋನ್ ಮಾಡಿ, ಕಳೆದ ಸಲ ಉಪ್ಪು ಜಾಸ್ತಿ, ಈ ಸಲ ಉಪ್ಪು ಕಮ್ಮಿ ಎಂದು ಜಗಳ ತೆಗೆಯಬೇಕು. ಪ್ರತಿ ವರ್ಷದ ಪದ್ಧತಿ ಅದು. ಮಾಡುವವರು ಯಾರು?

ಜಗತ್ತಿನಲ್ಲಿ ಕಾರ್ಡು ಕೊಳ್ಳುವವರೆಲ್ಲ ಅದನ್ನು ಎಷ್ಟು ಜೋರಾಗಿ ಓಡಿಸಬಹುದು ಎಂದು ನೋಡುತ್ತಾರೆ. ನಾನು ಎಷ್ಟು ನಿಧಾನ ಓಡಿಸಬಹುದು ಎಂದು ನೋಡತೊಡಗಿದೆ. ಕರೆಂಟಿನ ಮಿತಿಯನ್ನು ಪ್ರತಿದಿನ ಒಂದೊಂದು ಗೀರು ಇಳಿಸಿದೆ. ಗಾಳಿ ಉಗುರುಬೆಚ್ಚಗಾಯಿತು. ಕಾಯಿಗಳು ಮೆತ್ತಗೇ ಉಳಿದವು.

"ಯಾಕೋ ಪುಟ್ಟ, ನಿನ್ನ ಬಿಸಿಲು ಮಂಕಾಗಿದೆ?"

"ನೆಟ್‌ವರ್ಕು ಡಲ್ಲು ಅಜ್ಜಿ."

"ಮೋಡ ಬರಲ್ಲ ಅಂದಿದ್ದೆ."

"ಇದು ಬೇರೆ ಥರ ಮೋಡ."

ಅಜ್ಜಿ ಒಂದು ಕಾಯಿ ಒತ್ತಿ ನೋಡಿ, ಬೆರಳು ಸೆರಗಿಗೆ ಒರೆಸಿಕೊಂಡಳು. ನನ್ನ ತಲೆಯ ಮೇಲೆ ಕೈಯಿಟ್ಟಳು. ಅಲ್ಲಿಂದ ಎರಡು ದಿನ ನನ್ನ ಕೂದಲು ಇಂಗಿನ ವಾಸನೆ ಹೊಡೆಯಿತು.

"ನಿಧಾನ ಮಾಡಿದ್ರೆ ಉಳಿಯಲ್ಲ ಕಣೋ, ಕೆಡುತ್ತೆ. ಜೋರು ಮಾಡು."

ಜೋರು ಮಾಡಿದೆ.

ಕತ್ತಿರಿ ಮುಗಿಯಿತೆಂದು ಕ್ಯಾಲೆಂಡರ್ ಹೇಳಿತು, ಬಿಸಿಲಿಗೆ ಯಾರೂ ಹೇಳಲಿಲ್ಲ. ಮೀಟರ್ ನೋಡುವವರು ಬಂದು, ನೋಡಿ, ಕಣ್ಣುಜ್ಜಿಕೊಂಡು ಮತ್ತೆ ನೋಡಿ, "ಸಾರ್, ಮೇಲೆ ಫ್ಯಾಕ್ಟರಿ ಇರ್ಕಾ?" ಎಂದು ಕೇಳಿದರು. ಮಣಲಿಯ ಎಣ್ಣೆ ಕಾರ್ಖಾನೆಯ ಬಿಲ್ಲು ದಾರಿ ತಪ್ಪಿ ನಮ್ಮ ಮನೆಗೆ ಬಂದಂತಿತ್ತು. ಆ ಸಂಜೆ ಅಪ್ಪ ನನ್ನನ್ನು ಟೆರೇಸಿಗೆ ಕರೆದುಕೊಂಡು ಹೋದರು. ನಾನು ಭಾಷಣ ಸಿದ್ಧ ಮಾಡಿಕೊಂಡಿದ್ದೆ: ಮಾರುಕಟ್ಟೆ ಚೇತರಿಸಿಕೊಳ್ಳುತ್ತದೆ, ಥರ್ಮಲ್ ಪೇಸ್ಟ್ ಬದಲಿಸಿದರೆ ಕಾರ್ಡು ಕುದುರೆ ಥರ ಓಡುತ್ತದೆ, ಇತ್ಯಾದಿ.

"ಫೇಲು, ಅಲ್ವಾ?" ಎಂದರು ಅಪ್ಪ.

"ಹ್ಞೂಂ."

"ದಿನಾ ಎರಡರಷ್ಟು ಹೇಳ್ತಿದ್ದೆ."

"ಗೊತ್ತಿತ್ತಾ?"

"ನಾನು ಕ್ಲೇಮ್ ಸೆಕ್ಷನ್ನಲ್ಲಿರೋನು ಕಣೋ."

ಅವರು ಬೈಯಲಿಲ್ಲ. ನೀರಿನ ತೊಟ್ಟಿಗೆ ಒರಗಿ ನಿಂತರು.

"ಡಬ್ಬಿ ಎಷ್ಟಾಗಿದೆ?"

"ಇನ್ನೊಂದು ತಟ್ಟೆ ಹಾಕಿದ್ರೆ ತುಂಬುತ್ತೆ."

"ಅಲ್ಲೀತನಕ ಕಾರ್ಡು ಓಡಲಿ. ಆದ್ರೆ ಅವಳಿಗೆ ಹೇಳೋಕೆ ನನ್ನ ಕೈಲಿ ಆಗಲ್ವೋ," ಎಂದರು ಅಪ್ಪ. "ಹೇಳ್ದೇ ಇದ್ರೆ ಅವಳಿಗೆ ಮೋಸ. ಹೇಳಿದ್ರೆ ಅವಳಿಗೇನಾದ್ರೂ ಆಗುತ್ತೆ. ಎರಡೂ ನನ್ನ ತಲೆ ಮೇಲೆ." ನಾನು ಅಪ್ಪನ ಎತ್ತರಕ್ಕೆ ಬಂದಿದ್ದೇನೆಂದು ಆ ವರ್ಷವೆಲ್ಲ ಡಂಗುರ ಹೊಡೆದುಕೊಂಡಿದ್ದೆ. ಆ ಸಂಜೆ ಅವರೇ ನನ್ನ ಎತ್ತರಕ್ಕೆ ಇಳಿದು ನಿಂತ ಹಾಗಿತ್ತು.

ಕೊನೆಯ ತಟ್ಟೆ ಒಣಗಿದ ದಿನ ರಜೆ, ಎಲ್ಲರೂ ಮನೆಯಲ್ಲಿದ್ದೆವು. ಮಧ್ಯಾಹ್ನ ಅಜ್ಜಿ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ಡಬ್ಬಿಗಿಳಿಸಿದಳು. ಮೇಲೆ ಹಳೇ ಬಿಳಿ ಬಟ್ಟೆ ಹಾಸಿ, ಮುಚ್ಚಳ ಒತ್ತಿ, ಅದರ ಮೇಲೆ ಎರಡೂ ಕೈಯಿಟ್ಟು ಕೂತಳು.

"ಕುಮಾರ, ಬಾ ಇಲ್ಲಿ."

ಅಪ್ಪ ಬಂದರು.

"ಇದನ್ನ ಯಾರ ಹೆಸರಿಗೆ ಕಳಿಸ್ತೀಯಾ?"

"ಯಾರ ಹೆಸರಿಗೆ ಅಂದ್ರೆ... ಚಿಕ್ಕಮ್ಮನ ಹೆಸರಿಗೆ."

"ನನ್ನ ಮುಖ ನೋಡ್ಕೊಂಡು ಹೇಳು."

ಅಪ್ಪ ನೆಲ ನೋಡಿದರು. ಕಾರ್ಡಿನ ಫ್ಯಾನು ಗರಗರ ಅನ್ನುತ್ತಲೇ ಇತ್ತು.

"ಈಗ ಹೇಳಪ್ಪ. ಡಬ್ಬಿ ತುಂಬ್ತು, ಪರವಾಗಿಲ್ಲ."

ಅಪ್ಪ ಅಜ್ಜಿಯ ಕಾಲ ಹತ್ತಿರ ಕುಸಿದು ಕೂತರು. "ಹೋಗ್ಬಿಟ್ರಮ್ಮ. ನೀನು ಆಸ್ಪತ್ರೇಲಿದ್ದಾಗ."

"ನರಳಿದಳಾ?"

"ಇಲ್ಲ. ಊಟ ಮಾಡಿ ಮಲಗಿದ್ರಂತೆ. ನಿದ್ದೇಲಿ."

"ಊಟ ಮಾಡಿದ್ಲಲ್ಲ," ಎಂದಳು ಅಜ್ಜಿ. ಮತ್ತೊಮ್ಮೆ ಅದನ್ನೇ ಹೇಳಿದಳು.

ಅಮ್ಮ ಮಾತ್ರೆ ಡಬ್ಬ ಹಿಡಿದು ಓಡಿ ಬಂದಿದ್ದಳು. "ಅತ್ತೆ, ನಿಮಗೆ ಗೊತ್ತಿತ್ತಾ?"

"ಭಾನುವಾರ ನನ್ನ ಹತ್ರ ಮಾತಾಡ್ದೆ ಅವಳು ಬದುಕಿರ್ತಾಳೇನಮ್ಮ?"

"ಮತ್ತೆ ಒಂದು ಮಾತು ಕೇಳ್ಲಿಲ್ಲ ನೀವು."

"ಕೇಳಿದ್ರೆ ಇವನು ಹೇಳ್ಬಿಡೋನು. ಕಿವಿಗೆ ಬಿದ್ದ ಮೇಲೆ ತಲೆ ಮೇಲೆ ನೀರು ಹುಯ್ಕೊಳ್ಲೇಬೇಕು. ನೀರು ಹುಯ್ಕೊಂಡ ಮೇಲೆ ಅವಳಿಗೆ ಅಂತ ಮೆಣಸಿನಕಾಯಿ ಮಾಡೋಕೆ ಬರುತ್ತಾ?" ಅಜ್ಜಿ ಡಬ್ಬಿಯನ್ನು ಅಪ್ಪನ ಕಡೆ ದೂಡಿದಳು. "ಅವಳ ಮೊಮ್ಮಕ್ಕಳು ತಿನ್ಲಿ, ಕಳಿಸು. ನೀನು ಬಾಮ್ಮ, ನೀರು ಹಾಕು. ತಣ್ಣೀರು."

ಯಾರೂ ಹೇಳದಿದ್ದರೂ ನಾನು ಕಾರ್ಡ್ ಆಫ್ ಮಾಡಿದೆ. ಎರಡು ತಿಂಗಳ ನಂತರ ಹಗಲು ಹೊತ್ತಿನಲ್ಲಿ ಆ ರೂಮು ಮೊದಲ ಬಾರಿಗೆ ಸುಮ್ಮನಾಯಿತು. ಬಚ್ಚಲ ನಲ್ಲಿ ತಿರುಗಿಸಿದರೆ ತೊಟ್ಟಿಯ ನೀರು ಕುದಿಯುತ್ತಿತ್ತು. ಇದನ್ನು ನಾನು ಹಿಗ್ಗಿಸಿ ಹೇಳುತ್ತಿಲ್ಲ. ಜೂನಿನ ಮಧ್ಯಾಹ್ನ ಮೂರನೇ ಮಹಡಿಯಲ್ಲಿ ಕೈಯಿಟ್ಟು ನೋಡಿದವರಿಗೆ ಗೊತ್ತು. ಈ ಊರಿನಲ್ಲಿ ಸಾವಿನ ಸ್ನಾನಕ್ಕೂ ತಣ್ಣೀರು ಸಿಗುವುದಿಲ್ಲ. ನಾನು ಫ್ರಿಜ್ಜಿನ ಬಾಟಲಿಗಳನ್ನೆಲ್ಲ ಬಕೆಟ್ಟಿಗೆ ಸುರಿದೆ. ಅಡುಗೆಮನೆಯ ಮಡಕೆಯ ನೀರು ಸುರಿದೆ. ಐಸ್ ಟ್ರೇ ಬಡಿದು ಅದನ್ನೂ ಹಾಕಿದೆ. ಅಮ್ಮ ಕೈಯಾಡಿಸಿ, ಅತ್ತೆಯ ಎದೆ ನೆನಪಾಗಿ, ಒಂದು ಚೊಂಬು ನಲ್ಲಿ ನೀರು ಬೆರೆಸಿದಳು.

ಅಜ್ಜಿ ಉಟ್ಟ ಸೀರೆಯಲ್ಲೇ ಮಣೆಯ ಮೇಲೆ ಕೂತಳು. ಮೊದಲ ಚೊಂಬು ತಲೆಯ ಮೇಲೆ ಬಿದ್ದಾಗ ಮೈಯೆಲ್ಲ ಒಮ್ಮೆ ಅದುರಿತು. ನಾನೂ ಅಪ್ಪನೂ ಬಾಗಿಲಾಚೆ ನಿಂತಿದ್ದೆವು. ಅವಳು ಅಳುತ್ತಿದ್ದಳೋ ಇಲ್ಲವೋ ನೀರಿನಲ್ಲಿ ಗೊತ್ತಾಗುವಂತಿರಲಿಲ್ಲ.

"ನನಗಿಂತ ಚಿಕ್ಕೋಳು ಕಣೇ," ಎಂದಳು ಅಮ್ಮನಿಗೆ. "ಈ ನೀರು ಅವಳು ಹುಯ್ಕೋಬೇಕಾಗಿತ್ತು, ನನಗೋಸ್ಕರ."

ಅಮ್ಮನ ಕೈ ಗಾಳಿಯಲ್ಲೇ ನಿಂತಿತು.

"ಯಾಕೆ ನಿಲ್ಲಿಸ್ದೆ? ಹಾಕು," ಎಂದಳು ಅಜ್ಜಿ.

ಅಮ್ಮ ಹಾಕಿದಳು.